ಕೂರದವರ ಕುರ್ಚಿ

ಬೆಂಗಳೂರಿನ ಹೊಸ ಫ್ಲ್ಯಾಟುಗಳ ಹಜಾರದಲ್ಲಿ ಈಚೆಗೆ ಒಬ್ಬ ಗೃಹಸ್ಥರು ಮೇಲಿಂದ ಮೇಲೆ ಎದುರಾಗುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಮನೆ ಸಾಲದ ಕಂತು ತೀರಿದೆ, ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ, ಕೈಯಲ್ಲಿ ಸ್ವಲ್ಪ ಕಾಸು, ತಲೆಯಲ್ಲಿ ಸ್ವಲ್ಪ ಬ್ರಿಟಿಷರ ಕಾಲ. ಇವರನ್ನು ಕುರ್ಚಿ ಯಜಮಾನರು ಎನ್ನೋಣ. ಅವರ ಹಜಾರದ ಮೂಲೆಯಲ್ಲಿ, ಹಳದಿ ದೀಪದ ಕೆಳಗೆ, ಬೀಟೆ ಮರದ ಹಳೆಯ ಕ್ಲಬ್ ಕುರ್ಚಿಯೊಂದು ಇರುತ್ತದೆ. ಯಜಮಾನರು ಅದರ ಪಕ್ಕ ನಿಂತು ಅದರ ಚರಿತ್ರೆ ಹೇಳುತ್ತಾರೆ. ಬಂದವರೂ ನಿಂತೇ ಕೇಳುತ್ತಾರೆ. ಚರಿತ್ರೆ ಮುಗಿದ ಮೇಲೆ ಎಲ್ಲರೂ ಹೋಗಿ ಸೋಫಾದ ಮೇಲೆ ಕೂರುತ್ತಾರೆ. ಹಳೆಯ ಕುರ್ಚಿ ಕೊಳ್ಳುವವರು ಮೋಸ ಹೋಗುವುದು ಮರದ ಪರಿಚಯವಿಲ್ಲದೆ ಎಂಬ ಮಾತು ಚಾಲ್ತಿಯಲ್ಲಿದೆ. ಅದನ್ನು ಒಪ್ಪುವುದು ಕಷ್ಟ. ಮರದ ಬಗ್ಗೆ ಯಜಮಾನರಿಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಕುರ್ಚಿ ಆರಿಸುವಾಗ ಅವರು ಕಣ್ಣು, ಮೂಗು, ಬೆರಳು, ಮೊಬೈಲು ಎಲ್ಲವನ್ನೂ ಬಳಸುತ್ತಾರೆ. ಕೂರಲೆಂದು ದೇವರು ಕೊಟ್ಟ ಅಂಗವೊಂದನ್ನು ಬಿಟ್ಟು. ಎಡವಟ್ಟಾಗುವುದು ಅಲ್ಲೇ.

ಅಂಗಡಿಯಲ್ಲಿ ಅವರ ಪರೀಕ್ಷೆಯನ್ನು ನೋಡಬೇಕು. ಶಿವಾಜಿನಗರದ ಗುಜರಿಯಿರಲಿ, ಕಾರೈಕುಡಿಯ ಹಳೇ ಸಾಮಾನಿನ ಬೀದಿಯಿರಲಿ, ಕೊಚ್ಚಿಯ ಮಟ್ಟಾಂಚೇರಿಯಿರಲಿ, ಮೊದಲು ಕುರ್ಚಿಯನ್ನು ಬೋರಲು ಹಾಕಿಸಿ ಮೊಬೈಲಿನ ಟಾರ್ಚು ಬಿಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮೇಲೆ ಪಾಲಿಶ್ ಹಾಕುವವರು ಕೂಡ ತಳವನ್ನು ಮರೆತಿರುತ್ತಾರೆ. ತಲೆಯ ಮೇಲೆ ಪ್ಲಸ್ ಗುರುತಿರುವ ಸ್ಕ್ರೂ ಕಂಡರೆ ಅದು ವಿಕ್ಟೋರಿಯಾ ರಾಣಿಯ ಕಾಲದ ಕೆಲಸವಲ್ಲ, ಏಕೆಂದರೆ ಅಂಥ ಸ್ಕ್ರೂ ಅಮೆರಿಕದಲ್ಲೇ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಮೆತ್ತೆಯೊಳಗೆ ತೆಂಗಿನ ನಾರು, ಕುದುರೆ ಕೂದಲು ಸಿಕ್ಕರೆ ಆಸೆಯಿಟ್ಟುಕೊಳ್ಳಬಹುದು; ಸ್ಪಂಜು ಸಿಕ್ಕರೆ ಒಳಗಿನದಂತೂ ಈಚಿನದು. ದಿನವೂ ಬಳಸಿದ ಕುರ್ಚಿಯ ಕೈ ಸವೆಯುವುದು ಅಂಗೈ ಊರುವ ತುದಿಯಲ್ಲಿ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದನ್ನು ಸವೆಸಿದ್ದು ಕಾಲವಲ್ಲ, ಉಪ್ಪುಕಾಗದ. ಇದೆಲ್ಲ ಯಜಮಾನರಿಗೆ ಬಾಯಿಪಾಠ. ಅವರಿಗೆ ಬಾಯಿಪಾಠವೆಂಬುದು ಅಂಗಡಿಯವನಿಗೂ ಬಾಯಿಪಾಠ. ಅವನು ಹಳೆಯ ಸ್ಕ್ರೂಗಳನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಾನೆ. ಹಲಸಿನ ಮರಕ್ಕೆ ಬೀಟೆಯ ಬಣ್ಣ ಬಳಿಯುತ್ತಾನೆ. ಕುಟ್ಟೆಹುಳ ಕೊರೆದ ತೂತು ಬೇಕೆಂದರೆ ಸಣ್ಣ ಡ್ರಿಲ್ಲು ಇದೆ. ಹುಳಕ್ಕಿಂತ ಅದು ಚುರುಕು. ಅಂದರೆ ವಯಸ್ಸನ್ನು ಬಳಿಯಬಹುದು, ಕೊರೆಯಬಹುದು, ತಿಕ್ಕಿ ತರಬಹುದು. ಬೆನ್ನಿಗೆ ಒಪ್ಪುವ ಇಳಿಜಾರನ್ನು, ತೊಡೆಗೆ ಒತ್ತದ ಅಂಚನ್ನು ಹಾಗೆ ಬಳಿಯಲು ಬರುವುದಿಲ್ಲ. ಸುಳ್ಳು ಹೇಳಲಾರದ ಒಂದೇ ಒಂದು ಗುಣ ಕುರ್ಚಿಯಲ್ಲಿದೆ. ಯಜಮಾನರು ಅದನ್ನೇ ಕೇಳುವುದಿಲ್ಲ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಆದರೆ ನಾಲ್ಕು ಹೆಜ್ಜೆ ನಡೆಸಿ ನೋಡದೆ ದುಡ್ಡಿನ ಗಂಟು ಬಿಚ್ಚುವುದಿಲ್ಲ. ಯಜಮಾನರು ಹಲ್ಲು ಎಣಿಸಿದ ಕೂಡಲೇ ಗೂಗಲ್ ಪೇ ಮಾಡಿರುತ್ತಾರೆ.

ಇನ್ನೂ ತಮಾಷೆಯೆಂದರೆ, ಈ ಕುರ್ಚಿ ಹುಟ್ಟಿದ್ದೇ ಕೂರುವುದನ್ನು ಕಸುಬಿನಂತೆ ನಡೆಸುತ್ತಿದ್ದವರಿಗಾಗಿ. 19ನೇ ಶತಮಾನದ ಲಂಡನ್ನಿನ ಗಂಡಸರ ಕ್ಲಬ್ಬುಗಳಲ್ಲಿ ಊಟದ ನಂತರ ಪತ್ರಿಕೆಯ ಮರೆಯಲ್ಲಿ ನಿದ್ದೆ ಹೋಗುವುದಕ್ಕೆ ಆಳವಾದ ಚರ್ಮದ ಕುರ್ಚಿ ಬೇಕಾಯಿತು. 1920, 30ರ ದಶಕಗಳ ಪ್ಯಾರಿಸಿನವರು ಅದಕ್ಕೆ ಕುರಿಯ ಚರ್ಮ ಹೊದಿಸಿ, ಮೈಯನ್ನು ಗುಂಡಗೆ ಮಾಡಿದರು. ಕೊಡಗಿನ, ಚಿಕ್ಕಮಗಳೂರಿನ ಮಳೆಯಲ್ಲಿ ಚರ್ಮ ಇಟ್ಟರೆ ಆಷಾಢ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಾಫಿ ತೋಟದ ದೊರೆಗಳಿಗೂ ಅವರ ಕ್ಲಬ್ಬಿನ ವರಾಂಡಕ್ಕೂ ಒದಗಿದ್ದು ಮರದ ಚೌಕಟ್ಟು, ಗಾಳಿಯಾಡುವ ಬೆತ್ತದ ಹೆಣಿಗೆ. ಅದರ ಕೈಗಳು ಆಳುದ್ದ ಮುಂದಕ್ಕೆ ಚಾಚಿರುವುದು ಅಂದಕ್ಕಲ್ಲ. ತೋಟ ಸುತ್ತಿ ಬಂದವನು ಬೂಟುಗಾಲನ್ನು ಅವುಗಳ ಮೇಲೆ ಎತ್ತಿಟ್ಟುಕೊಳ್ಳಲಿ ಎಂದು. ಯಜಮಾನರ ಮನೆಯಲ್ಲಿ ಆ ಕೈಗಳ ಮೇಲೆ ಒಂದು ಹಿತ್ತಾಳೆ ಗಿಂಡಿ, ಇನ್ನೊಂದು ಕಡೆ ಮನಿಪ್ಲಾಂಟು. ಸೀಟು ನೆಲಕ್ಕೆ ಹತ್ತಿರ, ಹಿಂದಕ್ಕೆ ಜಾರು. ಮಂಡಿನೋವಿನವರು ಒಮ್ಮೆ ಇಳಿದರೆ ಎಬ್ಬಿಸಲು ಇನ್ನೊಬ್ಬರು ಬೇಕು. ದೊರೆಗೆ ಬಟ್ಲರ್ ಇದ್ದ. ಐವತ್ತೈದರ ಮಂಡಿಗೆ ಇದು ಆಗುತ್ತದೆಯೇ ಇಲ್ಲವೇ ಎಂದು ತಿಳಿಯಲು ಟಾರ್ಚು ಬೇಡ, ಒಂದು ನಿಮಿಷ ಸಾಕು.

ಆ ಒಂದು ನಿಮಿಷವನ್ನು ಅವರು ಯಾಕೆ ಕೊಡುವುದಿಲ್ಲ? ಅವರ ಕಣ್ಣಿರುವುದು ಆ ಕುರ್ಚಿಯಲ್ಲಿ ಹಿಂದೆ ಕೂತಿದ್ದವರ ಮೇಲೆ. ಇದು ಅಂಗಡಿಯವನಿಗೆ ಚೆನ್ನಾಗಿ ಗೊತ್ತು. "ಚರ್ಚಿಲ್ ಕೂತಿದ್ದು ಸಾರ್" ಎಂದು ಶುರುವಿನಲ್ಲೇ ಹೇಳಿಬಿಡುತ್ತಾನೆ. ಚರ್ಚಿಲ್ 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ಎಳೆಯ ಅಧಿಕಾರಿ. 1868ರಲ್ಲಿ ಶುರುವಾದ ಈಗಿನ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಬಾಕಿ ಉಳಿದಿರುವುದು ಊರಿಗೆಲ್ಲ ಗೊತ್ತಿರುವ ಕಥೆ. ಪೋಲೋ ಆಡಿಕೊಂಡು, ಗುಲಾಬಿ ಬೆಳೆಸಿಕೊಂಡು, ಪುಸ್ತಕ ಓದಿಕೊಂಡಿದ್ದ ಆ ಹುಡುಗ ಅಂಗಡಿಗಳಲ್ಲಿ ಸಿಗುವಷ್ಟು ಕುರ್ಚಿಗಳಲ್ಲಿ ಕೂತಿದ್ದೇ ಆದರೆ ಮುಂದೆ ಯುದ್ಧ ನಡೆಸಲು ಎದ್ದು ನಿಲ್ಲುತ್ತಿರಲಿಲ್ಲ. ಅದಿರಲಿ, ಬಾಕಿ ಉಳಿಸಿ ಹೋದವನ ಹೆಸರು ಹೇಳಿದರೆ ಸಾಮಾನಿನ ಬೆಲೆ ಏರುವುದು ಇಡೀ ಊರಿನಲ್ಲಿ ಈ ಒಂದು ವ್ಯಾಪಾರದಲ್ಲೇ ಇರಬೇಕು. ಅಂಥ ಕ್ಲಬ್ಬುಗಳ ಬಾಗಿಲು ಬಹುಕಾಲ ಭಾರತೀಯರಿಗೆ ತೆರೆದಿರಲಿಲ್ಲ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1917ರಲ್ಲಿ ಸೆಂಚುರಿ ಕ್ಲಬ್ ಹುಟ್ಟಿದ್ದು ಅಂಥ ದಿನಗಳಲ್ಲಿ. ಯಜಮಾನರ ಅಜ್ಜ ಆ ಕುರ್ಚಿಯಲ್ಲಿ ಕೂರುವುದಿರಲಿ, ಅದಿದ್ದ ವರಾಂಡದ ಮೆಟ್ಟಿಲು ಕೂಡ ಹತ್ತುವಂತಿರಲಿಲ್ಲ. ಅಜ್ಜನಿಗೂ ಒಂದು ಆರಾಮಕುರ್ಚಿ ಇತ್ತು: ಮಡಿಸುವ ಚೌಕಟ್ಟು, ಪಟ್ಟೆ ಪಟ್ಟೆಯ ಕ್ಯಾನ್‌ವಾಸು. ಮಧ್ಯಾಹ್ನ ಅಜ್ಜ, ಸಂಜೆ ಮಕ್ಕಳು, ರಾತ್ರಿ ಬೆಕ್ಕು ಎಂದು ಅದು ಖಾಲಿ ಇದ್ದ ಹೊತ್ತೇ ಇರಲಿಲ್ಲ. ಊರಿನ ಮನೆ ಪಾಲಾದಾಗ ಯಜಮಾನರೇ ನಿಂತು ಅದನ್ನು ಗುಜರಿಗೆ ಹಾಕಿಸಿದರು. ನಮ್ಮಜ್ಜ ಕೂತರೆ ಹಳೇ ಸಾಮಾನು, ಬೇರೆಯವರಜ್ಜ ಕೂತರೆ ಆಂಟಿಕ್. ಕಾನೂನಿಗೆ ಯಾರ ಅಜ್ಜನೂ ಬೇಕಿಲ್ಲ. ಪ್ರಾಚ್ಯವಸ್ತು ಎನ್ನಿಸಿಕೊಳ್ಳಲು 1972ರ ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ಕೇಳುತ್ತದೆ, ಹಸ್ತಪ್ರತಿಗಳಂಥವಕ್ಕೆ 75. ತೊಂಬತ್ತರ ಕುರ್ಚಿ ಕೊಂಡವರು ಇನ್ನೂ ಹತ್ತು ವರ್ಷ ಅದನ್ನು ಮುರಿಯದಂತೆ ಕಾಯಬೇಕು. ಕೂರದಿರಲು ಇದೊಂದು ನೆಪ.

ಯಜಮಾನರ ಪರವಾಗಿಯೂ ಹೇಳುವುದಿದೆ. ಅಂಥ ಮರ ಈಗೆಲ್ಲಿ ಎನ್ನುತ್ತಾರೆ. ನಿಜವೇ. ಬೀಟೆ ನಿಧಾನವಾಗಿ ಬೆಳೆಯುವ ಮರ. ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2017ರಿಂದ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣವಿದೆ. ಇರುವ ಕುರ್ಚಿಯನ್ನೇ ಬಳಸಿದರೆ ಇನ್ನೊಂದು ಮರ ಉಳಿಯುತ್ತದೆ ಎಂಬ ಮಾತೂ ಸರಿ, ಬಳಸಿದರೆ. ಆದರೆ ಮರ ಗಟ್ಟಿಯಾದ ಮಾತ್ರಕ್ಕೆ ಕುರ್ಚಿ ಗಟ್ಟಿಯಲ್ಲ. ಕುರ್ಚಿ ನಿಲ್ಲುವುದು ಕೂಡುಗಳ ಮೇಲೆ. ಎಷ್ಟೋ ಮಳೆಗಾಲ ಹಿಗ್ಗಿ, ಎಷ್ಟೋ ಬೇಸಗೆ ಕುಗ್ಗಿ ಸಡಿಲಾದ ಕೂಡು ಕಣ್ಣಿಗೆ ಕಾಣುವುದಿಲ್ಲ. ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದರೆ ಕಿರುಗುಟ್ಟಿ ತಾನೇ ಒಪ್ಪಿಕೊಳ್ಳುತ್ತದೆ. ಮುಂದಿನ ವಾದ ಹೂಡಿಕೆಯದು, ಅದಕ್ಕೆ ಚಂಡೀಗಢದ ಸಾಕ್ಷಿ. 1950ರ ದಶಕದಲ್ಲಿ ಪಿಯರ್ ಜನ್ನರೆ ಅಲ್ಲಿನ ಕಚೇರಿಗಳಿಗಾಗಿ ರೂಪಿಸಿದ ತೇಗ-ಬೆತ್ತದ ಕುರ್ಚಿಗಳನ್ನು ಸರ್ಕಾರ ಗುಜರಿ ಸಾಮಾನೆಂದು ಹರಾಜು ಹಾಕಿತು. ಅವೇ ಯುರೋಪಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಅಲ್ಲಿ ಬೆಲೆ ಬಂದದ್ದು ರೂಪಿಸಿದವನ ಹೆಸರಿಗೆ, ಕುರ್ಚಿಯ ಹಿಂದೆ ಗುಮಾಸ್ತರು ಬಣ್ಣದಲ್ಲಿ ಬರೆದ ಇಲಾಖೆಯ ನಂಬರಿಗೆ. ಯಜಮಾನರ ಕುರ್ಚಿಯ ಹಿಂದಿರುವುದು ಅಂಗಡಿಯವನ ಬಾಯಿಮಾತು. ಇನ್ನೂ ಒಂದು ವಿಷಯ ಇಲ್ಲಿ ಮರೆಯುತ್ತೇವೆ: ಚಂಡೀಗಢದ ಗುಮಾಸ್ತರು ಆ ಕುರ್ಚಿಗಳಲ್ಲಿ ಹತ್ತಾರು ವರ್ಷ ದಿನವಿಡೀ ಕೂತಿದ್ದರು. ಕೂತಿದ್ದರಿಂದ ಬೆಲೆ ಇಳಿಯಲಿಲ್ಲ.

ಗಟ್ಟಿಯಾದ ಆಕ್ಷೇಪ ಚೆಲುವಿನದು. ಚೆಂದದ ವಸ್ತು ಕಣ್ಣಿಗಿದ್ದರೆ ಸಾಲದೇ, ಬೇಲೂರಿನ ಮದನಿಕೆಯರಿಂದ ನಾವೇನು ಕೆಲಸ ಮಾಡಿಸುತ್ತೇವೆ ಎಂದು ಕೇಳಬಹುದು. ಇದಕ್ಕೆ ಅರ್ಧ ಸೋಲೊಪ್ಪಬೇಕು. ಉಳಿದರ್ಧಕ್ಕೆ ಉತ್ತರವಿದೆ: ಆ ಬೆನ್ನಿನ ಬಾಗು, ಆ ಕೈಯ ಇಳುಕಲು ಇವೆಲ್ಲ ಒಂದು ದೇಹದ ಅಳತೆಗೆ ಬಡಗಿ ಕಂಡುಕೊಂಡ ರೇಖೆಗಳು. ದೇಹ ಇಡದೆ ಅವು ಸರಿಯೋ ತಪ್ಪೋ ಹೇಳಲಾಗದು. ಪಾಕ ನೋಡಿ ಮಾತ್ರ ಅಡುಗೆ ಮೆಚ್ಚಿದವರ ಮಾತನ್ನು ಯಾರೂ ನಂಬುವುದಿಲ್ಲ. ನೋಡುವುದಕ್ಕೇ ಇಟ್ಟದ್ದಾದರೆ ಹಾಗೆಂದು ಹೇಳಿಬಿಡಲಿ. ಮ್ಯೂಸಿಯಮ್ಮಿನವರು ಪ್ರಾಮಾಣಿಕರು, ಹಗ್ಗ ಕಟ್ಟುತ್ತಾರೆ. ಯಜಮಾನರು "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಲೇ, ನೆಂಟರು ಆ ಕಡೆ ಒಂದು ಹೆಜ್ಜೆ ಇಟ್ಟರೆ "ಇಲ್ಲಿ ಫ್ಯಾನಿದೆ" ಎಂದು ಸೋಫಾ ತೋರಿಸುತ್ತಾರೆ.

ಮನೆಯವರ ಪ್ರಶ್ನೆ ಮಾತ್ರ ನೇರ: "ರೀ, ತಿಗಣೆ ಇದೆಯೇನೋ ನೋಡಿದ್ರಾ?" ಯಜಮಾನರಿಗೆ ಇದು ರಸಭಂಗ. ಇಡೀ ವ್ಯವಹಾರದಲ್ಲಿ ಕುರ್ಚಿಯ ಮೇಲೆ ಯಾರಾದರೂ ಕೂರಬಹುದೆಂದು ಭಾವಿಸಿ ಕೇಳಿದ ಪ್ರಶ್ನೆ ಇದೊಂದೇ. ಬೆತ್ತದ ಸಂದು ತಿಗಣೆಗೆ ತವರು. ತಿಂಗಳುಗಟ್ಟಲೆ ಉಪವಾಸ ಕೂರುವ ತಾಳ್ಮೆಯೂ ಅದಕ್ಕಿದೆ, ಈ ಮನೆಯಲ್ಲಿ ಅದು ಬೇಕೇ ಬೇಕು. ಬೆತ್ತ ಹೆಣೆಯುವವರನ್ನು ಕರೆಸಿದರೆ ಅವರ ರೀತಿಯೇ ಬೇರೆ. ನೆನೆಹಾಕಿದ ಬೆತ್ತವನ್ನು ಎಳೆದೆಳೆದು ಎಂಟು ಮೂಲೆಯ ಕಣ್ಣುಗಳನ್ನು ಮೂಡಿಸಿ, ಒಣಗಿ ಬಿಗಿಯಾದ ಮೇಲೆ ಅಂಗೈಯಿಂದ ಗುದ್ದಿ, ಯಾರನ್ನೂ ಕೇಳದೆ ಧಡಾರನೆ ಕೂತುಬಿಡುತ್ತಾರೆ. ಯಜಮಾನರ ಎದೆ ಧಸಕ್ಕೆನ್ನುತ್ತದೆ. ಆದರೂ ಆಸೆ ಬಿಡದು. ಒಂಟಿಗಿಂತ ಜೋಡಿ ಕುರ್ಚಿಗೆ ಮಾರುಕಟ್ಟೆಯಲ್ಲಿ ಮರ್ಯಾದೆ ಹೆಚ್ಚೆಂದು ಎಲ್ಲೋ ಓದಿರುತ್ತಾರೆ, ಅದು ನಿಜವೂ ಹೌದು. ಅಂಗಡಿಗೆ ಫೋನು ಹೋಗುತ್ತದೆ. "ನಿಮ್ಮ ಅದೃಷ್ಟ ಸಾರ್, ಅದೇ ಬಂಗಲೆದು, ಅದರದೇ ಜೋಡಿ, ನಿನ್ನೆ ಸಿಕ್ತು. ಗುರುವಾರ ಬನ್ನಿ ಸಾರ್, ಪಾಲಿಶ್ ಇನ್ನೂ ಒಣಗಿಲ್ಲ."