ಸಮತಲಾನ್ವೇಷಿಣಿ

ಹೊಲಿಗೆಯಂತ್ರವಿರುವ ಮಧ್ಯಮವರ್ಗದ ಮನೆಗಳಲ್ಲಿ ಕಂಡುಬರುವ ಗೃಹಿಣಿಯರ ಒಂದು ಪ್ರಭೇದವನ್ನು, ಬೇರೆ ಹೆಸರು ರೂಢಿಯಲ್ಲಿಲ್ಲದ ಕಾರಣ, ‘ಸಮತಲಾನ್ವೇಷಿಣಿ’, ಅಂದರೆ ಮಟ್ಟಸವಾದ ಜಾಗವನ್ನು ಅರಸುವವಳು, ಎಂದು ಕರೆಯಬಹುದು. ಅಂಗಡಿಯಿಲ್ಲದೆ, ಕೂಲಿಯಿಲ್ಲದೆ ಮನೆಮಂದಿಯ ಲಂಗ, ರವಿಕೆ, ದಿಂಬಿನ ಚೀಲಗಳನ್ನು ಹೊಲಿಯುವ ಈಕೆಗೆ ಯಂತ್ರದ ಚಿಂತೆಯಿಲ್ಲ, ಅದು ತವರಿನಿಂದಲೇ ಬಂದಿರುತ್ತದೆ; ಇಲ್ಲದಿರುವುದು ಬಟ್ಟೆ ಹರವಿ ಕತ್ತರಿಸುವ ಮೇಜು. ಗೃಹಪ್ರವೇಶಕ್ಕೆ ಬಂದ ನೆಂಟರು ದೇವರಕೋಣೆಯ ಕೆತ್ತನೆಯನ್ನು ಹೊಗಳುತ್ತಿರುವಾಗ ಊಟದ ಮೇಜನ್ನು ಗೇಣು ಹಾಕಿ ಅಳೆಯುತ್ತ ನಿಂತವಳು ಯಾರೆಂದು ನೋಡಿದರೆ ಈ ಪ್ರಭೇದವನ್ನು ಸುಲಭವಾಗಿ ಗುರುತಿಸಬಹುದು.

ಸ್ವಂತ ಮನೆಯ ಸಮತಲಗಳನ್ನೆಲ್ಲ ಈಕೆ ಮೊದಲೇ ಪರೀಕ್ಷಿಸಿ ತಳ್ಳಿಹಾಕಿರುತ್ತಾಳೆ. ನೆಲದಲ್ಲಿ ವಿಸ್ತಾರವಿದೆ, ಆದರೆ ಮಂಡಿ ಒಪ್ಪುವುದಿಲ್ಲ. ದರ್ಜಿಯ ಕತ್ತರಿಗೆ ಬಾಗಿದ ಹಿಡಿಯಿರುವುದೇ ಅದರ ಕೆಳ ಅಲಗು ಗಟ್ಟಿ ಹಲಗೆಗೆ ಆತುಕೊಂಡು ಸಾಗಲಿ, ಬಟ್ಟೆ ಮೇಲೇಳದಿರಲಿ ಎಂದಾದ್ದರಿಂದ, ಮಂಚದ ಮೆತ್ತನೆಯ ಹಾಸಿಗೆಯ ಮೇಲೆ ಅದು ದಾರಿ ತಪ್ಪಿ, ರವಿಕೆಯ ತೋಳಿನೊಡನೆ ಮೇಲುಹಾಸಿನ ಅಂಚನ್ನೂ ಕತ್ತರಿಸುತ್ತದೆ. ನಿಂತು ಕತ್ತರಿಸುವವರಿಗೆ ಸುಮಾರು 36 ಇಂಚಿನ ಎತ್ತರ ಹಿತ. ಊಟದ ಮೇಜು 30 ಇಂಚಿನಷ್ಟೇ ಇರುವುದರಿಂದ ಉಳಿದ 6 ಇಂಚನ್ನು ಬೆನ್ನು ಬಾಗಿ ತುಂಬಿಕೊಡಬೇಕಾಗುತ್ತದೆ. ಅಡುಗೆಕಟ್ಟೆಯ ಎತ್ತರ ಪರವಾಗಿಲ್ಲವೆನಿಸಿದರೂ ಅದರ ಅಗಲ 2 ಅಡಿಯಷ್ಟೇ, ಮತ್ತು ಅಲ್ಲಿ ಕತ್ತರಿಸಿದ ರವಿಕೆಗೆ ಒಗ್ಗರಣೆಯ ವಾಸನೆ ಒಂದು ಒಗೆತಕ್ಕೆ ಹೋಗುವುದಲ್ಲ.

ಬಡಗಿಯನ್ನು ಕರೆಸಿದರೆ ಅವನು ಸಾಗುವಾನಿಯ ಮಾತೆತ್ತುತ್ತಾನೆ. ಅವನು ಹೇಳುವ ಬೆಲೆಯನ್ನು ಈಕೆ ಒಂದು ರವಿಕೆಯ ಹೊಲಿಗೆಕೂಲಿಯಿಂದ ಭಾಗಿಸಿ, ಮೇಜಿನ ಸಾಲ ತೀರುವಷ್ಟರಲ್ಲಿ ಮೊಮ್ಮಕ್ಕಳ ಮದುವೆಯ ರವಿಕೆಯೂ ಮುಗಿದಿರುತ್ತದೆಂದು ತಿಳಿದು, ಕಾಫಿ ಕೊಟ್ಟು ಕಳುಹಿಸುತ್ತಾಳೆ. 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆ ಅಗ್ಗವೆನಿಸಿದರೂ ಅದು ಮಹಡಿಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ.

ಅನ್ವೇಷಣೆ ಫಲಿಸುವುದು ಒಂದು ಮಧ್ಯಾಹ್ನ, ಮಲಗುವ ಕೋಣೆಯ ಬಾಗಿಲಿನೆದುರು. ಎರಡೂ ಮುಖ ನುಣುಪಾಗಿರುವ, ಚೌಕಟ್ಟಿನ ಉಬ್ಬುತಗ್ಗುಗಳಿಲ್ಲದ ‘ಫ್ಲಶ್ ಡೋರ್’ ಎಂಬ ಈ ಬಾಗಿಲು 7 ಅಡಿಗೆ 3 ಅಡಿಯಷ್ಟಿದ್ದು, ಅಡ್ಡವಾಗಿ ಮಲಗಬೇಕಾದ ಮೇಜೊಂದನ್ನು ಯಾರೋ ತಪ್ಪಿ ನಿಲ್ಲಿಸಿದ್ದಾರೆಂಬುದು ಈಕೆಗೆ ಒಮ್ಮೆಲೇ ಹೊಳೆಯುತ್ತದೆ. ‘ಪನ್ನ’ ಎಂದರೆ ಥಾನಿನ ಅಗಲ. 58 ಇಂಚಿನ ದೊಡ್ಡ ಪನ್ನದ ಬಟ್ಟೆಯನ್ನೂ ಎರಡು ಮಡಿಕೆ ಮಾಡಿದರೆ 29 ಇಂಚಾಗಿ, ಬಾಗಿಲಿನ ಅಗಲದೊಳಗೆ ಅಂಚು ಜೋಲದೆ ಕೂರುತ್ತದೆ. ಗುಜರಿಯಿಂದ ತಂದ ಎರಡು ಕಬ್ಬಿಣದ ರ‍್ಯಾಕುಗಳ ಮೇಲೆ ಬಾಗಿಲು ಏರುತ್ತದೆ. ಬೀಗಕ್ಕೆಂದು ಕೊರೆದಿದ್ದ ತೂತಿನ ಕೆಳಗೆ ಒಂದು ಚೀಲ ತೂಗುಬಿದ್ದು, ಚೂರುಬಟ್ಟೆಗಳೆಲ್ಲ ಅದರೊಳಗೆ ಬೀಳುತ್ತವೆ.

ಮೇಜಿನ ಹಲಗೆಗೆ ಖರ್ಚೇ ಆಗಲಿಲ್ಲವೆಂದು ಈಕೆ ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಇಷ್ಟು ದೊಡ್ಡ ಮೇಜಿನ ಮೇಲೆ ಮೊದಲು ಏನನ್ನು ಕತ್ತರಿಸುತ್ತೀಯೆಂದು ಪತಿರಾಯರು ಕೇಳಿದಾಗ ಅವಳು ಯೋಚಿಸಬೇಕಾಗಿಯೇ ಬರುವುದಿಲ್ಲ: ಮಲಗುವ ಕೋಣೆಗೆ ಬಾಗಿಲಿಲ್ಲವಲ್ಲ, ಅದಕ್ಕೊಂದು ಪರದೆ.