ಗುಪ್ತವೈದ್ಯ ಸೂತ್ರಗಳು, ಭಾಷ್ಯ ಸಹಿತ

ಯಾವ ಶಾಸ್ತ್ರಗ್ರಂಥಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ವಿಧಿಸಿದ್ದಾರೆ. ಈ ಗ್ರಂಥದ ವಿಷಯ, ಫೋನಿನಲ್ಲಿ ದೊರೆಯುವ ಗಂಡಸರ ಗುಪ್ತವೈದ್ಯ. ಪ್ರಯೋಜನ, ಸಂತಾನ; ಅದಾಗದಿದ್ದರೆ ಮುಂದಿನ ಆರ್ಡರಿಗೆ ರಿಯಾಯಿತಿ. ಸಂಬಂಧ, ಸದ್ಯಕ್ಕೆ ಅಷ್ಟಕ್ಕಷ್ಟೆ. ಅಧಿಕಾರಿ ಯಾರೆಂದರೆ, ರಾತ್ರಿ ಹನ್ನೊಂದರ ಮೇಲೆ, ಹೆಂಡತಿಗೆ ನಿದ್ದೆ ಹತ್ತಿದ್ದನ್ನು ಖಚಿತಪಡಿಸಿಕೊಂಡು, ಬಚ್ಚಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತು, ಫೋನಿನ ಬೆಳಕು ತಗ್ಗಿಸಿಕೊಂಡ ಸದ್ಗೃಹಸ್ಥ.

ಪಾರಿಭಾಷಿಕ ಪದ ಒಂದೇ ಒಂದು: ‘ಮಿತ್ರ’. “ನನ್ನ ಮಿತ್ರನೊಬ್ಬನಿಗೆ ಸ್ವಲ್ಪ ತೊಂದರೆ ಇದೆ ಡಾಕ್ಟ್ರೇ” ಎಂಬಲ್ಲಿ ಈ ಪದಕ್ಕೆ ‘ತಾನು’ ಎಂದೇ ಅರ್ಥ. ಪ್ರಸ್ತುತ ಭಾಷ್ಯಕಾರ ಕಲಬುರಗಿ ಕಡೆಯವನು. ಹನ್ನೆರಡು ವರ್ಷದಿಂದ ಹೈದರಾಬಾದಿನ ಕಾಚಿಗುಡದಲ್ಲಿ ವಾಸ. ಮದುವೆಯಾಗಿ ಆರು ವರ್ಷ. ಅವನಿಗೂ ಒಬ್ಬ ಮಿತ್ರನಿದ್ದಾನೆ.

ಸೂತ್ರ 1: ಗೋಡೆಯೇ ಫೋನಾಯಿತು.

ಭಾಷ್ಯ: ಭಾಷ್ಯಕಾರ ಹುಡುಗನಾಗಿದ್ದಾಗ, ವಾಡಿ, ತಾಂಡೂರು, ವಿಕಾರಾಬಾದು ದಾಟಿ ರೈಲು ಲಿಂಗಂಪಲ್ಲಿಗೆ ಬರುವ ಹೊತ್ತಿಗೆ ಹಳಿ ಪಕ್ಕದ ಗೋಡೆಗಳು ‘ಗುಪ್ತರೋಗ’ ಎಂದು ಮೊಳದುದ್ದದ ಅಕ್ಷರಗಳಲ್ಲಿ ಕೂಗುತ್ತಿದ್ದವು. ಗುಪ್ತವಾದದ್ದನ್ನು ಇಷ್ಟು ದೊಡ್ಡದಾಗಿ ಏಕೆ ಬರೆಯಬೇಕು ಎಂದು ಕೇಳಿದ್ದಕ್ಕೆ ಅಪ್ಪ ಕಡಲೆಕಾಯಿ ಕೊಡಿಸಿದ್ದರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ 1954ರಲ್ಲೇ ನಿಷೇಧಿಸಿದೆ. ಗೋಡೆಗೆ ಕಾನೂನು ಓದಲು ಬರುವುದಿಲ್ಲ. ಫೋನಿಗೆ ಬರುತ್ತದೆ. ಆದ್ದರಿಂದ ಅದು ‘ಶಕ್ತಿ’ ಎನ್ನದೆ ‘ವೆಲ್‌ನೆಸ್’ ಎನ್ನುತ್ತದೆ. ಗೋಡೆಯ ಮೇಲಿದ್ದ ಸಿಂಹ ಕುದುರೆಗಳನ್ನು ಕಳಚಿ ಪರದೆಯ ಮೇಲೆ ಬಾಳೆಹಣ್ಣು, ಕಳ್ಳಿಗಿಡ ಇಡುತ್ತದೆ. ಭಯ ಮಾತ್ರ ಹಳೆಯದೇ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ಹೋದರೆ ಆಯುಷ್ಯವೇ ಹೋಯಿತು ಎಂದು ಕೊರಗುವವರನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಆ ಕೊರಗಿಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹೆಸರು ಬಂತು, ಭಯ ಹೋಗಲಿಲ್ಲ.

ಸೂತ್ರ 2: ಸ್ಥಳಕ್ಕೆ ಯೋಗ್ಯತೆಯಿದೆ, ಮನುಷ್ಯನಿಗೆ ನಾಚಿಕೆಯಿದೆ.

ಭಾಷ್ಯ: ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಇದೇ ಸಿಕಂದರಾಬಾದಿನಲ್ಲಿ. ಹೈದರಾಬಾದಿನಲ್ಲಿ ಜೀವವಿಜ್ಞಾನದ ಸಿಸಿಎಂಬಿ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ಪುಷ್ಪ ಮಿತ್ರ ಭಾರ್ಗವ ಅವರು ಹೋರಿಯ ವೀರ್ಯದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಒಂದು ಪ್ರೋಟೀನು ಇದೆಯೆಂದು ಸಹೋದ್ಯೋಗಿಯೊಡನೆ 1979ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಹೋರಿಯು ಹೆಸರು ಗೋಪ್ಯವಾಗಿಡಿ ಎಂದು ಕೇಳಿದ ದಾಖಲೆಯಿಲ್ಲ.

ಇನ್ನು ಮೃಗಶಿರಾ ಮಳೆಯ ಹೊತ್ತಿಗೆ ನಾಂಪಲ್ಲಿ ಮೈದಾನಕ್ಕೆ ಹೋಗಿ ನೋಡಿ. ಉಬ್ಬಸದವರು ಸಾವಿರಾರು ಮಂದಿ ಸಾಲುಗಟ್ಟಿ, ಟೀವಿ ಕ್ಯಾಮೆರಾ ಎದುರು ಬಾಯಿ ಅಗಲಿಸಿ, ಔಷಧ ತುಂಬಿದ ಜೀವಂತ ಮೀನುಮರಿ ನುಂಗುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆಂದು ವಿಜ್ಞಾನ ಒಪ್ಪಿಲ್ಲ. ಆದರೆ ಒಬ್ಬನೂ ಮುಖ ಮುಚ್ಚಿಕೊಳ್ಳುವುದಿಲ್ಲ. ಅಂದಮೇಲೆ ಶ್ವಾಸನಾಳಕ್ಕೆ ಮರ್ಯಾದೆಯ ಪ್ರಶ್ನೆಯಿಲ್ಲ, ಹೊಕ್ಕುಳಿನಿಂದ ಕೆಳಗೆ ಮಾತ್ರ ಇದೆ ಎಂಬುದು ಸಿದ್ಧಾಂತ.

ಸೂತ್ರ 3: ಹೆಸರಿಲ್ಲದವನಿಗೆ ಚೀಟಿಯಿಲ್ಲ.

ಭಾಷ್ಯ: ಬಿಲ್ ಕ್ಲಿಂಟನ್ ಹೈದರಾಬಾದಿಗೆ ಬಂದಿದ್ದಾಗ, 2000ದ ಮಾರ್ಚ್ 24ರಂದು, ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಟೆಲಿಮೆಡಿಸಿನ್ ಕೇಂದ್ರಕ್ಕೆ ಚಾಲನೆ ಸಿಕ್ಕಿತು. ದೇಶಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು. ಇಪ್ಪತ್ತು ವರ್ಷ, ಮೇಲೊಂದು ದಿನ. ಆ ಒಂದು ದಿನ ಗಂಡಸರು ಹಿಂದೆಮುಂದೆ ನೋಡಿದ್ದಕ್ಕೆ ಎಂದು ಭಾಷ್ಯಕಾರನ ಊಹೆ.

ಮಾರ್ಗಸೂಚಿಯಲ್ಲಿ ಒಂದು ಮಾತು ಖಂಡಿತವಾಗಿದೆ: ಅನಾಮಧೇಯ ಚಿಕಿತ್ಸೆ ಸಲ್ಲದು, ವೈದ್ಯ ಯಾರೆಂದು ರೋಗಿಗೂ ರೋಗಿ ಯಾರೆಂದು ವೈದ್ಯನಿಗೂ ಗೊತ್ತಿರಬೇಕು. ಮಿತ್ರನು ಒಂದು ಆ್ಯಪಿಗೆ ಮೊಬೈಲು ನಂಬರು, ಓಟಿಪಿ, ಕಾರ್ಡಿನ ಹದಿನಾರು ಅಂಕಿ, ಮನೆ ವಿಳಾಸ ಎಲ್ಲವನ್ನೂ ಕೊಟ್ಟು, ಹೆಸರಿನ ಜಾಗದಲ್ಲಿ ಮಾತ್ರ ಭಾವಮೈದುನನ ಹೆಸರು ಬರೆದನು.

ಪೊಟ್ಟಣ ಗುಟ್ಟಾಗಿ ಬರುತ್ತದೆ ಎಂದು ಮೂರು ಕಡೆ ಬರೆದಿದ್ದರು. ಬಂತು. ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಮೇಜಿನ ಮೇಲೆ ಆ ದಿನ ಇದ್ದ ಇಪ್ಪತ್ತೂ ಪೊಟ್ಟಣಗಳ ಮೈತುಂಬ ಕಂಪನಿಗಳ ಹೆಸರು ರಾರಾಜಿಸುತ್ತಿತ್ತು. ಏನೂ ಬರೆಯದ ಕಂದು ಡಬ್ಬಿ ಒಂದೇ ಒಂದು. ವಾಚ್‌ಮ್ಯಾನ್ ಅದನ್ನು ಎರಡೂ ಕೈಯಲ್ಲಿ, ತೀರ್ಥ ಕೊಡುವಂತೆ ಕೊಟ್ಟು, “ಸಾರ್, ಮೀದೇನಾ?” ಎಂದು ಪಿಸುಗುಟ್ಟಿದನು. ಬೇರೆ ಯಾವ ಪೊಟ್ಟಣಕ್ಕೂ ಆತ ಪಿಸುಗುಟ್ಟಿದವನಲ್ಲ.

ಸೂತ್ರ 4: ಎದೆಯ ಗುಳಿಗೆ ಕೆಳಗಿಳಿಯಿತು.

ಭಾಷ್ಯ: ಸಿಲ್ಡೆನಾಫಿಲ್ ಎಂಬ ಮದ್ದನ್ನು ಹುಡುಕಿದ್ದು ಎದೆನೋವಿಗೆ. ಎದೆಗೆ ಅದು ಅಷ್ಟಾಗಿ ಒದಗಲಿಲ್ಲ, ಬೇರೆಡೆ ಒದಗಿತು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಒಪ್ಪಿಗೆ ಪಡೆಯಿತು. ಆದರೂ ಅದು ತವರನ್ನು ಮರೆತಿಲ್ಲ. ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳು ಮುಂದಾಗಿ ಕಳಿಸಿದ ಕಾಗದ. ಕಾಗದ ಓದದೆ ಅಂಚೆಯವನಿಗೆ ಗುಳಿಗೆ ನುಂಗಿಸಿದರೆ ಉಪಯೋಗವಿಲ್ಲ. ಆ್ಯಪು ಹದಿನಾಲ್ಕು ಪ್ರಶ್ನೆ ಕೇಳಿತು. ಬಿಪಿ ಪಟ್ಟಿ ಸುತ್ತಲು ಅದಕ್ಕೆ ಕೈಯಿಲ್ಲ. ಮಿತ್ರನೂ ಎಲ್ಲದಕ್ಕೂ ‘ಇಲ್ಲ’ ಒತ್ತಿದನು.

ಉಪಸೂತ್ರ: ಈ ಗುಳಿಗೆಯಿಂದ ವೀರ್ಯಾಣು ಹೆಚ್ಚುವುದಿಲ್ಲ. ಜಿಮ್ಮಿನ ಗೆಳೆಯ ಕೊಡಿಸುವ ಟೆಸ್ಟೋಸ್ಟೆರಾನ್ ಸೂಜಿಯಿಂದಂತೂ ಕಡಿಮೆಯೇ ಆಗುತ್ತದೆ. ಹೊರಗಿನಿಂದ ಸರಕು ಬಂತೆಂದು ಮೆದುಳು ಒಳಗಿನ ಕಾರ್ಖಾನೆಗೆ ಬೀಗ ಹಾಕಿಸುತ್ತದೆ.

ಸೂತ್ರ 5: ಅರಳಿಮರ ಈಗ ಗಂಡಿನದು.

ಭಾಷ್ಯ: ಅರಳಿಮರ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡಳು ಎಂದು ಹೆಂಗಸರನ್ನು ಆಡಿಕೊಂಡವರು ಗಂಡಸರು. ವೀರ್ಯಾಣು ಒಂದು ತಯಾರಾಗಲು ಸುಮಾರು 74 ದಿನ ಬೇಕು. ಮಿತ್ರನು ಗುಳಿಗೆ ಬಂದ ಒಂಬತ್ತನೆಯ ದಿನವೇ ಫಲ ಸಿಗಲಿಲ್ಲ, ಹಣ ವಾಪಸು ಕೊಡಿ ಎಂದು ಚಾಟಿನಲ್ಲಿ ಜಗಳ ತೆಗೆದನು.

ಸೂತ್ರ 6: ಕಪ್ಪು ಆನ್‌ಲೈನಿನಲ್ಲಿ ಹೋಗದು.

ಭಾಷ್ಯ: ಮೊದಲು ವೀರ್ಯ ಪರೀಕ್ಷೆ ಮಾಡಿಸಿ ಎಂದು ಕಡೆಗೆ ಹೇಳಿದವರು ಫೋನಿನ ವೈದ್ಯರೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ನಿಷ್ಠುರವಾಗಿದೆ: ಎರಡರಿಂದ ಏಳು ದಿನ ಸಂಯಮ; ಮಾದರಿ ತೆಗೆದ ಒಂದು ತಾಸಿನೊಳಗೆ ಲ್ಯಾಬಿನಲ್ಲಿ ಪರೀಕ್ಷೆ ಶುರುವಾಗಬೇಕು; ದಾರಿಯಲ್ಲಿ ತಣ್ಣಗಾಗಬಾರದು. ಕೆಳಮಿತಿಗಳೆಂದರೆ 1.4 ಮಿಲಿ ಲೀಟರ್, ಪ್ರತಿ ಮಿಲಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವವು ಶೇ. 42. ಸರಿಯಾದ ಆಕಾರದವು ಶೇ. 4 ಇದ್ದರೂ ಸಾಕು. ನೂರಕ್ಕೆ ನಾಲ್ಕು ತೆಗೆದು ಪಾಸಾಗುವ ಪರೀಕ್ಷೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಇಲ್ಲ. ಇದಕ್ಕೂ ಗಂಡಸು ಹೆದರುತ್ತಾನೆ.

ಲ್ಯಾಬಿನ ಕೋಣೆಗೆ ಹೋಗಲು ನಾಚಿ ಮಿತ್ರನು ಮನೆಯಿಂದಲೇ ಹೊರಟನು. ಮಾದರಿ ತುಂಬಿದ ಕಪ್ಪು, ಅಂಗಿಯ ಒಳಜೇಬಿನಲ್ಲಿ; ಮೇಲೆ ಬಲಗೈ. ಆಟೋ ನಾರಾಯಣಗುಡ, ಹಿಮಾಯತನಗರ ದಾಟಿತು. ಖೈರತಾಬಾದಿನಲ್ಲಿ ಯಾರೋ ಮಂತ್ರಿಗಳ ಕಾರುಗಳಿಗಾಗಿ ಪೊಲೀಸರು ರಸ್ತೆ ತಡೆದರು. ಎದೆ ಒತ್ತಿ ಹಿಡಿದು ಬೆವರುತ್ತಿದ್ದ ಮಿತ್ರನನ್ನು ಆಟೋದವನು ಕನ್ನಡಿಯಲ್ಲಿ ನೋಡಿದನು. “ಕ್ಯಾ ಭಾಯ್, ಛಾತಿ ಮೆ ದರ್ದ್ ಹೋ ರಾ ಕ್ಯಾ? ದವಾಖಾನೆ ಲೇಕೆ ಜಾವೂಂ?” ನಾಲ್ಕನೆಯ ಸೂತ್ರಕ್ಕೆ ಇಷ್ಟು ಒಳ್ಳೆಯ ವಾರ್ತಿಕವನ್ನು ಯಾವ ಪಂಡಿತನೂ ಬರೆದಿಲ್ಲ. ಪಂಜಾಗುಟ್ಟ ಮುಟ್ಟಿದಾಗ ಒಂದು ತಾಸು ಇಪ್ಪತ್ತು ನಿಮಿಷ. ಲ್ಯಾಬಿನ ಹುಡುಗಿ “ಎಂತಸೇಪೈಂದಿ ಸಾರ್?” ಎಂದು ಎಷ್ಟು ಹೊತ್ತಾಯಿತೆಂದು ವಿಚಾರಿಸಿ, ಉತ್ತರ ಕೇಳಿ, ಕಪ್ಪು ವಾಪಸು ಕೊಟ್ಟಳು.

ಸೂತ್ರ 7: ಗುಟ್ಟು ಗಂಡಿನದು, ಫೈಲು ಹೆಣ್ಣಿನದು.

ಭಾಷ್ಯ: ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಆದರೂ ಈ ಆರು ವರ್ಷದಲ್ಲಿ ಭಾಷ್ಯಕಾರನ ಹೆಂಡತಿ ಎಷ್ಟೋ ಸಲ ರಕ್ತ ಕೊಟ್ಟಿದ್ದಾಳೆ, ಸ್ಕ್ಯಾನಿಗೆ ಹೊಟ್ಟೆತುಂಬ ನೀರು ಕುಡಿದು ಕಾದಿದ್ದಾಳೆ, ಬಣ್ಣ ಹಾಯಿಸಿ ಎಕ್ಸರೇ ತೆಗೆಸಿಕೊಂಡು ನೋವಿಗೆ ತುಟಿ ಕಚ್ಚಿದ್ದಾಳೆ. ಕಲಬುರಗಿಗೆ ಹೋದಾಗೆಲ್ಲ ಅತ್ತೆಯ ಮಾತಿಗೆ ಮರವನ್ನೂ ಸುತ್ತಿದ್ದಾಳೆ. ಮಕ್ಕಳು ಸಾಕೆಂದವರ ಕಥೆಯೂ ಬೇರೆಯಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಹೆಂಗಸರದು ಶೇ. 37.9, ಗಂಡಸರದು ಶೇ. 0.3. ಹೆರುವುದೂ ಅವಳ ಪಾಲು, ಹೆರದಿರುವುದೂ ಅವಳ ಪಾಲು.

ನಾಲ್ಕು ದಿನದ ಸಂಯಮದ ನಂತರ ಮಿತ್ರನು ಹೆಂಡತಿಯೊಡನೆ ಲ್ಯಾಬಿಗೆ ಹೋದನು. ಮೂವತ್ತು ಜನರ ಎದುರು ಕೌಂಟರಿನವನು ಪೂರ್ಣ ಹೆಸರನ್ನು, ತಂದೆಯ ಹೆಸರು ಸಮೇತ, ‘ಗಾರು’ ಸೇರಿಸಿ ಕೂಗಿದನು. ಯಾರೂ ತಲೆ ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಅವರವರ ಚೀಟಿಯಿತ್ತು. ಕಪ್ಪಿನ ಮೇಲಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಹೆಂಡತಿಯ ಹೆಸರು, ಹೊತ್ತು ಎಂದು ನಾಲ್ಕು ಗೆರೆ. ಇಲ್ಲಿಂದ ಮುಂದೆ ಈ ಗ್ರಂಥದಲ್ಲಿ ‘ಮಿತ್ರ’ ಎಂಬ ಪದ ಬರುವುದಿಲ್ಲ.

ನಾನು ಜೇಬು ತಡಕಾಡಿದೆ. ಅವಳು ಗೇಣು ದಪ್ಪದ ಫೈಲನ್ನು ತೊಡೆಯ ಮೇಲಿಂದ ಸರಿಸಿ, ಚೀಲದ ಬದಿಯಿಂದ ಪೆನ್ನು ತೆಗೆದು ಕೊಟ್ಟಳು.

“ಇಲ್ಲಿ ಪೆನ್ನ ಇರಂಗಿಲ್ರಿ. ನಾ ಯಾವಾಗ್ಲೂ ಮನಿಂದ ತರ್ತೀನಿ.”