ಸರ್ವನಿರಾಕರಣ ವಕೀಲರು

ತಾಲ್ಲೂಕು ಕೋರ್ಟಿಗೊಬ್ಬರಂತೆ ಇರುವ ಈ ವಕೀಲರ ಪ್ರತಿಭೆ ಬೆಳಗುವುದು ವಿಚಾರಣೆಯಲ್ಲಲ್ಲ, ಅದಕ್ಕೂ ಮುಂಚಿನ ತಾರೀಖುಗಳಲ್ಲಿ. ಪಾಲಿನ ದಾವೆ ಎಂದಿಟ್ಟುಕೊಳ್ಳಿ. ತಮ್ಮ ವಾದಿ, ಅಣ್ಣ ಪ್ರತಿವಾದಿ. ಅಣ್ಣನ ಪರವಾಗಿ ಇವರು ಹಾಕುವ ಕೈಫಿಯತ್ತಿನಲ್ಲಿ ಮೊಟ್ಟಮೊದಲು ವಂಶವೃಕ್ಷವೇ ಸುಳ್ಳು. ಆ ವೃಕ್ಷದ ಹಿರೀ ಕೊಂಬೆಯ ಮೇಲೆ ತಮ್ಮ ಕಕ್ಷಿದಾರನೇ ಕೂತಿದ್ದಾನೆ, ಬುಡ ಕಡಿದರೆ ಬೀಳುವವನು ಅವನೇ ಎಂಬುದು ಇವರಿಗೆ ಗೌಣ. ಆಮೇಲೆ ಚಕ್ಕುಬಂದಿ ಸುಳ್ಳು. ಜಮೀನಿನ ಪೂರ್ವಕ್ಕೆ ಹಳ್ಳ ಇದೆಯೆಂಬುದೂ ಸುಳ್ಳು. ಹಳ್ಳವೇನೋ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಎಲ್ಲಾದರೂ ಒಂದು ಸತ್ಯ ನುಸುಳಿಬಿಟ್ಟಿದ್ದರೆ ಎಂಬ ಭಯಕ್ಕೆ, ಇಲ್ಲಿ ಒಪ್ಪದಿದ್ದ ಸಕಲವನ್ನೂ ನಿರಾಕರಿಸಲಾಗಿದೆ ಎಂಬ ಒಕ್ಕಣೆ ಕೊನೆಯಲ್ಲಿ ಇದ್ದೇ ಇರುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬಯಸುವುದು ಇದಕ್ಕೆ ತದ್ವಿರುದ್ಧ. ಅದರ ಹತ್ತನೇ ಆದೇಶದಂತೆ, ಎದುರು ಪಕ್ಷ ಹೇಳಿದ್ದರಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಅಲ್ಲಗಳೆಯುತ್ತೀರಿ ಎಂದು ನ್ಯಾಯಾಧೀಶರು ಮೊದಲ ಹಿಯರಿಂಗಿನಲ್ಲೇ ಕೇಳಬೇಕು. ರಾಜಿಯ ಲಕ್ಷಣ ಕಂಡರೆ 89ನೇ ಕಲಮಿನಡಿ ಮಧ್ಯಸ್ಥಿಕೆಗೆ ಕಳಿಸಬಹುದು. ಇಲ್ಲವಾದರೆ, ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದದ್ದನ್ನಷ್ಟೇ ವಿವಾದಾಂಶವಾಗಿ ಬರೆದುಕೊಂಡು ಸಾಕ್ಷಿಗೆ ಇಡಬೇಕು. ಜಗಳವನ್ನು ಸೋಸಿ ಚಿಕ್ಕದು ಮಾಡಲೆಂದೇ ಇರುವ ಈ ಹಂತವನ್ನು ನಮ್ಮ ವಕೀಲರು ಜಗಳ ಹಿಗ್ಗಿಸಲು ಬಳಸುತ್ತಾರೆ. ‘ಇವರಿಬ್ಬರೂ ಅಣ್ಣತಮ್ಮಂದಿರು ತಾನೆ?’ ಎಂದು ಕೇಳಿದರೆ, ‘ಕಕ್ಷಿದಾರರನ್ನು ವಿಚಾರಿಸಿ ಹೇಳ್ತೀನಿ ಸ್ವಾಮಿ, ಒಂದು ವಾಯಿದೆ ಕೊಡಬೇಕು’ ಎನ್ನುತ್ತಾರೆ. ಕಕ್ಷಿದಾರ ಅಲ್ಲೇ ಬಾಗಿಲ ಬಳಿ, ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತಿರುತ್ತಾನೆ. ಮುಖ ಥೇಟ್ ತಮ್ಮನದೇ.

ಒಪ್ಪಿಕೊಂಡವನು ಕೆಟ್ಟ ಎಂಬುದು ಅವರ ಸಮರ್ಥನೆ. ಅದು ಬರೀ ಹೆದರಿಕೆಯಲ್ಲ: ಹನ್ನೆರಡನೇ ಆದೇಶದ ಆರನೇ ನಿಯಮದಡಿ, ಒಪ್ಪಿಕೊಂಡ ಮಾತಿನ ಮೇಲೆಯೇ ಕೋರ್ಟು ತೀರ್ಪು ಕೊಡಬಹುದು. ಆದರೆ ನಿರ್ದಿಷ್ಟವಾಗಿ ಅಲ್ಲಗಳೆಯದ ಮಾತನ್ನು ಒಪ್ಪಿದಂತೆಯೇ ಎಣಿಸಬಹುದೆಂದು ಎಂಟನೇ ಆದೇಶವೂ ಹೇಳುತ್ತದಲ್ಲ! ಎಲ್ಲದಕ್ಕೂ ಒಟ್ಟಾರೆ ಇಲ್ಲ ಎನ್ನುವವನು ನಿಜವಾಗಿ ಇಲ್ಲವೆನ್ನಬೇಕಾದ ಒಂದೇ ಒಂದು ವಿಷಯವನ್ನೂ ಆ ಗುಂಪಿನಲ್ಲಿ ಕಳೆದುಕೊಳ್ಳುತ್ತಾನೆ. ಜಮೀನು ಅಣ್ಣನ ಸ್ವಯಾರ್ಜಿತವೇ ಆಗಿದ್ದರೆ, ಆ ಒಂದು ತಕರಾರಿಗೆ ಬೇಕಾದ ತೂಕ ಹಳ್ಳವನ್ನೂ ಅಪ್ಪನನ್ನೂ ಅಲ್ಲಗಳೆದ ಬಾಯಿಂದ ಬಂದೀತೆ?

ವಕೀಲರದೇನು ತಪ್ಪು, ಕಕ್ಷಿದಾರನಿಗೇ ತಡ ಬೇಕು ಎನ್ನುವವರ ವಾದ ಇದಕ್ಕಿಂತ ಗಟ್ಟಿ. ಉಳುಮೆ ಅಣ್ಣನದು, ವಾಯಿದೆಗೊಂದು ಫಸಲು ಅವನ ಮನೆಗೇ. (ತಾರೀಖಿಗಿಷ್ಟು ಎಂಬ ಫೀಸಿನ ವಿಚಾರ ಬೇಡ ಬಿಡಿ.) ಆದರೂ ಆ ಫಸಲು ಪುಕ್ಕಟೆಯಲ್ಲ, ತಮ್ಮ ಗೆದ್ದರೆ ಅವನ ಪಾಲಿನ ಹುಟ್ಟುವಳಿಗೆ ಅಣ್ಣ ಲೆಕ್ಕ ಕೊಡಬೇಕಾಗಿ ಬರಬಹುದು. ಕೈಫಿಯತ್ತು ಬರೆಸುವ ದಿನ ಇದನ್ನು ಅವನ ಕಿವಿಗೆ ಹಾಕಿದ್ದರೆ ಅರ್ಧ ನಿರಾಕರಣೆಗಳು ಅಲ್ಲೇ ಉದುರುತ್ತಿದ್ದವು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಂತೂ ಯಾಕೆ ಅಲ್ಲಗಳೆಯುತ್ತೀರಿ ಎಂಬ ಕಾರಣವನ್ನೂ ಬರೆಯಿಸುತ್ತದೆ. ದಾಖಲೆಯನ್ನು ವಿನಾಕಾರಣ ಒಪ್ಪದಿದ್ದರೆ ಖರ್ಚು ಹೇರಲೂಬಹುದು. ನಮ್ಮ ವಕೀಲರು ಅತ್ತ ತಲೆಯಿಟ್ಟೂ ಮಲಗುವುದಿಲ್ಲ. ಪಾಲಿನ ದಾವೆಗಳಿಗೆ ಆ ನಿಯಮ ಲಾಗೂ ಆಗುವುದಿಲ್ಲ ಎಂಬುದೊಂದನ್ನು ಮಾತ್ರ ಅವರು ಯಾವ ವಾಯಿದೆಯನ್ನೂ ಕೇಳದೆ ಒಪ್ಪಿಕೊಳ್ಳುತ್ತಾರೆ.